ಫ್ಲೇವರ್ಡ್ ಟೀ ಮನೆಯಲ್ಲೇ ಬೆರೆಸುವುದು: ಒಣಗಿಸುವುದರಿಂದ ಲೋಟದವರೆಗೆ

ಡಬ್ಬಿ ತೆರೆದರೆ ಕೋಣೆಯೆಲ್ಲ ಘಮ, ಲೋಟಕ್ಕೆ ಸೋಸಿದರೆ ಬರೀ ಒಗರು ನೀರು. ಇಲ್ಲವೇ ಬೆರೆಸಿಟ್ಟ ಮೂರನೇ ವಾರಕ್ಕೆ ಮುಗ್ಗಲು ವಾಸನೆ, ಸಿಪ್ಪೆಯ ಅಂಚಿನಲ್ಲಿ ಬಿಳಿ ಬೂಷ್ಟು. ಮನೆಯಲ್ಲಿ ಚಹಾ ಬೆರೆಸಲು ಹೊರಟವರಲ್ಲಿ ಹೆಚ್ಚಿನವರು ಕೈಬಿಡುವುದು ಈ ಎರಡರಲ್ಲಿ ಒಂದು ಆದಾಗ. ಅಳತೆ ತಪ್ಪಿದ್ದಕ್ಕಿಂತ ಕೆಲಸದ ಕ್ರಮ ತಪ್ಪಿದ್ದೇ ಇದಕ್ಕೆ ಕಾರಣವಾಗಿರುತ್ತದೆ. ಪೂರ್ತಿ ಒಣಗುವ ಮೊದಲೇ ಬೆರೆಸುತ್ತಾರೆ, ಲೋಟದಲ್ಲಿ ಕುಡಿದು ನೋಡುವ ಮೊದಲೇ ಡಬ್ಬಿ ತುಂಬುತ್ತಾರೆ.

ಎಲೆಗೆ ಘಮ ಹತ್ತುವ ಮುಖ್ಯ ದಾರಿಗಳು ಮೂರು. ಒಣಗಿದ ಮಸಾಲೆ, ಸಿಪ್ಪೆ, ಸೊಪ್ಪನ್ನು ಎಲೆಯ ಜೊತೆ ಬೆರೆಸುವುದು ಒಂದು. ಸುವಾಸನೆಯ ಎಣ್ಣೆಯನ್ನು ಎಲೆಗೆ ಹಿಡಿಸುವುದು ಇನ್ನೊಂದು. ಅರ್ಲ್ ಗ್ರೇ ಆಗುವುದು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಯಿಂದ. ಮೂರನೆಯದು ತಾಜಾ ಹೂವಿನ ಜೊತೆ ಎಲೆಯನ್ನು ಮಲಗಿಸಿ, ಹೂವು ತೆಗೆದು, ಎಲೆಯನ್ನು ಮತ್ತೆ ಒಣಗಿಸುವುದು. ಮಲ್ಲಿಗೆ ಚಹಾ ಹೀಗೆ ಆಗುತ್ತದೆ. ಮೊದಲಿನದು ಸುಲಭ, ಎರಡನೆಯದಕ್ಕೆ ಕೈ ಬಿಗಿ ಬೇಕು, ಮೂರನೆಯದಕ್ಕೆ ತಾಳ್ಮೆ ಬೇಕು. ಅದೇ ಕ್ರಮದಲ್ಲಿ ಕಲಿಯುವುದು ಒಳ್ಳೆಯದು.

ಬೇಕಾದ ಸಾಮಾನು

0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ: ಒಂದು ಚಮಚ ಸಿಟಿಸಿ ಕಾಳು (ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿಸಿ ಮಾಡಿದ ಹರಳಿನಂಥ ಚಹಾ) ಮತ್ತು ಒಂದು ಚಮಚ ಉದ್ದೆಲೆಯ ಚಹಾ ತೂಕದಲ್ಲಿ ಒಂದಕ್ಕೊಂದು ಎರಡು ಪಟ್ಟು ವ್ಯತ್ಯಾಸ ಬರಬಹುದು. ಉಳಿದಂತೆ ಕಲ್ಲಿನ ಅಥವಾ ಲೋಹದ ಕುಟ್ಟಾಣಿ, ಸಣ್ಣ ಕಣ್ಣಿನ ಒಂದು ಜರಡಿ, ಅಗಲ ಬಾಯಿಯ ಸ್ಟೀಲ್ ಬೋಗುಣಿ, ಬಿಗಿ ಮುಚ್ಚಳದ ಗಾಜಿನ ಬಾಟಲಿ, ಹನಿ ಹಾಕುವ ಡ್ರಾಪರ್, ಅಡುಗೆ ಥರ್ಮಾಮೀಟರ್, ಡಬ್ಬಿಗೆ ಅಂಟಿಸಲು ಚೀಟಿ. ಪ್ಲಾಸ್ಟಿಕ್ ಮತ್ತು ಮರದ ಪಾತ್ರೆ ಬೇಡ. ಲವಂಗ ಒಮ್ಮೆ ಹೊಕ್ಕಿತೆಂದರೆ ಮುಂದಿನ ಹತ್ತು ಬೆರಕೆಗೂ ಲವಂಗದ ವಾಸನೆಯೇ.

1. ಮೂಲ ಚಹಾ ಆರಿಸಿ, ಬರಿದಾಗಿ ಕುಡಿದು ನೋಡಿ

ಹಳತಾದ, ಘಮ ಹೋದ ಚಹಾಕ್ಕೆ ಏಲಕ್ಕಿ ಹಾಕಿ ಜೀವ ಕೊಡಬಹುದು ಎಂಬ ಲೆಕ್ಕಾಚಾರ ಪ್ರತಿ ಸಲವೂ ಕೈಕೊಡುತ್ತದೆ. ಹಳೆ ಎಲೆಯ ಸಪ್ಪೆತನ ಮಸಾಲೆಯ ಕೆಳಗೆ ಹಾಗೇ ಉಳಿದು ನುಂಗುವಾಗ ಎದ್ದು ಕಾಣುತ್ತದೆ.

ಚಹಾ ರುಚಿ ನೋಡುವ ವೃತ್ತಿಯವರಿಗೆ ಐಎಸ್‌ಒ 3103 ಎಂಬ ಮಾನದಂಡವಿದೆ: 100 ಮಿ.ಲೀ. ಕುದಿನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಕುಡಿಯುವ ಸುಖಕ್ಕೆ ಅದು ತೀರಾ ಗಡಸು. ದೋಷ ಹಿಡಿಯಲು ಮಾತ್ರ ಬಹಳ ಚೆನ್ನ. ಮೂಲ ಚಹಾವನ್ನು ಹಾಲು, ಸಕ್ಕರೆ ಇಲ್ಲದೆ ಹೀಗೆ ಮಾಡಿ ಕುಡಿಯಿರಿ. ಹೊಗೆ, ಹುಳಿ, ಹಳೆ ಗೋಣಿಯ ವಾಸನೆ ಏನಾದರೂ ನಾಲಿಗೆಗೆ ಸಿಕ್ಕರೆ ಆ ಚಹಾ ಈ ಕೆಲಸಕ್ಕಲ್ಲ.

ಹಾಲು ಹಾಕಿ ಕುಡಿಯುವ ಮಸಾಲೆ ಚಹಾಕ್ಕೆ ಸಿಟಿಸಿ ಅಥವಾ ಸಣ್ಣೆಲೆಯ ಕಪ್ಪು ಚಹಾ. ಸಿಪ್ಪೆ, ಬರ್ಗಮಾಟ್, ವೆನಿಲಾಗಳಿಗೆ ಮಧ್ಯಮ ಗಾತ್ರದ ಆರ್ಥೊಡಾಕ್ಸ್ (ಕಾಳು ಮಾಡದೆ, ಎಲೆಯಾಗಿಯೇ ಹೊಸೆದು ಒಣಗಿಸಿದ) ಕಪ್ಪು ಚಹಾ. ಪುದೀನ, ನಿಂಬೆಹುಲ್ಲು, ಮಲ್ಲಿಗೆಗೆ ಹಸಿರು ಚಹಾ. ತಾನೇ ಹೂವಿನ ಘಮವುಳ್ಳ ದುಬಾರಿ ಎಲೆಗೆ ಏನನ್ನೂ ಬೆರೆಸಬೇಡಿ, ಎರಡೂ ಹಾಳು.

2. ಒಣಗಿಸುವುದು: ಹೆಚ್ಚಿನವರು ಎಡವುವ ಜಾಗ

ತಯಾರಾದ ಚಹಾದಲ್ಲಿ ತೇವ ಇರುವುದು ತೂಕದ 3ರಿಂದ 5 ಪ್ರತಿಶತದಷ್ಟೇ. ಸುತ್ತ ಎಲ್ಲಿ ತೇವ ಇದ್ದರೂ ಅದು ಎಳೆದುಕೊಳ್ಳುತ್ತದೆ. ಅರೆಬರೆ ಒಣಗಿದ ಕಿತ್ತಳೆ ಸಿಪ್ಪೆಯನ್ನು ಅದರ ಜೊತೆ ಮುಚ್ಚಿಟ್ಟರೆ ಒಂದೆರಡು ದಿನದಲ್ಲಿ ಸಿಪ್ಪೆಯ ನೀರು ಎಲೆಗೆ ಇಳಿದು ಇಡೀ ಬಾಟಲಿ ಮೆತ್ತಗಾಗುತ್ತದೆ. ಆಮೇಲೆ ಬೂಷ್ಟಿಗೆ ಹೆಚ್ಚು ದಿನ ಬೇಕಿಲ್ಲ.

ಕಿತ್ತಳೆ, ನಿಂಬೆ ಸಿಪ್ಪೆ: ಹಣ್ಣನ್ನು ಬೆಚ್ಚನೆ ನೀರಲ್ಲಿ ಉಜ್ಜಿ ತೊಳೆಯಿರಿ, ಮೇಲೆ ಮೇಣ ಬಳಿದಿರಬಹುದು. ಬಣ್ಣದ ಪದರವನ್ನು ಮಾತ್ರ ತೆಳ್ಳಗೆ ಹೆರೆದು ತೆಗೆಯಿರಿ. ಒಳಗಿನ ಬಿಳಿ ಭಾಗ ಉಳಿದರೆ ಲೋಟಕ್ಕೆ ಕಹಿ ಇಳಿಯುತ್ತದೆ. ಓವನ್ ಅಥವಾ ಡಿಹೈಡ್ರೇಟರ್‌ನಲ್ಲಿ 50ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 4ರಿಂದ 6 ಗಂಟೆ. ಬಗ್ಗಿಸಿದರೆ ಚಟ್ಟನೆ ಮುರಿಯಬೇಕು. ಬಾಗಿದರೆ ಇನ್ನೂ ಆಗಿಲ್ಲ. 100 ಗ್ರಾಂ ಹಸಿ ಸಿಪ್ಪೆ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ.

ಶುಂಠಿ: 2 ಮಿ.ಮೀ. ಬಿಲ್ಲೆ, 55ರಿಂದ 60 ಡಿಗ್ರಿ, 6ರಿಂದ 8 ಗಂಟೆ. ಒಣಗಿದ ಮೇಲೆ ಖಾರ ಏರುತ್ತದೆ, ಏಕೆಂದರೆ ಹಸಿಶುಂಠಿಯ ಜಿಂಜರಾಲ್‌ನಲ್ಲಿ ಒಂದಷ್ಟು ಶೋಗಾಲ್ ಆಗಿ ಮಾರ್ಪಡುತ್ತದೆ, ಅದರ ಖಾರ ಹೆಚ್ಚು. ಹಸಿಶುಂಠಿಯ ಅಂದಾಜಿನಲ್ಲಿ ಒಣಶುಂಠಿ ಹಾಕಿದರೆ ಗಂಟಲು ಉರಿಯುತ್ತದೆ.

ಪುದೀನ, ತುಳಸಿ, ಹೂದಳ: ಬಿಸಿಲು ಬೇಡ. ನೆರಳಲ್ಲಿ ಗಾಳಿಗೆ ಹರವಿ, ಇಲ್ಲವೇ 35ರಿಂದ 40 ಡಿಗ್ರಿಯಲ್ಲಿ. ಹೆಚ್ಚು ಶಾಖ ಕೊಟ್ಟರೆ ಘಮದ ಎಣ್ಣೆ ಹಾರಿಹೋಗಿ ಒಣಹುಲ್ಲು ಉಳಿಯುತ್ತದೆ. ಎಲೆ ಕೈಯಲ್ಲಿ ಪುಡಿಯಾಗಬೇಕು, ಬಣ್ಣ ಹಸಿರಾಗಿಯೇ ಇರಬೇಕು.

ಅಂಗಡಿಯಿಂದ ತಂದ ಚಕ್ಕೆ, ಲವಂಗ, ಏಲಕ್ಕಿಗಳೂ ತೇವ ಹಿಡಿದಿರುತ್ತವೆ. 50 ಡಿಗ್ರಿಯಲ್ಲಿ ಅರ್ಧ ಗಂಟೆ ಬೆಚ್ಚಗೆ ಮಾಡಿ, ಪೂರ್ತಿ ಆರಿಸಿ. ಹುರಿಯಬೇಡಿ.

ತೇವದ ಪರೀಕ್ಷೆ: ಒಣಗಿದ ಪದಾರ್ಥವನ್ನು ಆರಿಸಿ, ಶುದ್ಧ ಒಣ ಗಾಜಿನ ಬಾಟಲಿಯಲ್ಲಿ ಅರ್ಧ ತುಂಬಿ ಮುಚ್ಚಿ, ಒಂದು ದಿನ ಬಿಡಿ. ಬೆಳಗ್ಗೆ ಗಾಜನ್ನು ಬೆಳಕಿಗೆ ಹಿಡಿದು ನೋಡಿ. ಮುಚ್ಚಳದ ಕೆಳಗೆ ಮಂಜಿನಂಥ ತೆಳು ಪೊರೆ ಕಂಡರೆ, ಅಥವಾ ಗರಿಗರಿಯಾಗಿದ್ದದ್ದು ಮತ್ತೆ ಬಾಗತೊಡಗಿದರೆ, ಒಳಗಿನ ನೀರು ಹೊರಗೆ ಬಂದಿದೆ ಎಂದರ್ಥ. ಇನ್ನೊಂದೆರಡು ಗಂಟೆ ಒಣಗಿಸಿ. ಈ ಒಂದು ದಿನವನ್ನು ಉಳಿಸಲು ಹೋಗಿಯೇ ಬಾಟಲಿಗಟ್ಟಲೆ ಚಹಾ ಕಸಕ್ಕೆ ಹೋಗುವುದು.

3. ಕುಟ್ಟುವುದು, ಜರಡಿ ಹಿಡಿಯುವುದು

ಎಲೆ ದೊಡ್ಡದು, ಮಸಾಲೆ ಪುಡಿಯಾದರೆ ಪುಡಿ ಬಾಟಲಿಯ ತಳ ಸೇರುತ್ತದೆ. ಮೊದಲ ಲೋಟ ಸಪ್ಪೆ, ಕೊನೆಯ ಲೋಟ ಕಷಾಯ. ಆದ್ದರಿಂದ ಎಲ್ಲವೂ ಹೆಚ್ಚುಕಡಿಮೆ ಎಲೆಯ ಗಾತ್ರಕ್ಕೆ ಬರಬೇಕು: ಆರ್ಥೊಡಾಕ್ಸ್ ಎಲೆಗೆ 3ರಿಂದ 4 ಮಿ.ಮೀ. ಚೂರು, ಸಿಟಿಸಿಗೆ 1ರಿಂದ 2 ಮಿ.ಮೀ. ತರಿ. ಮಿಕ್ಸಿ ಬೇಡ, ಅದು ಅರ್ಧ ಚೂರು ಅರ್ಧ ಹಿಟ್ಟು ಮಾಡಿ ಕೊಡುತ್ತದೆ, ಜೊತೆಗೆ ಬಿಸಿ ಮಾಡುತ್ತದೆ. ಕುಟ್ಟಾಣಿಯಲ್ಲಿ ಜಜ್ಜಿ, ಜರಡಿ ಹಿಡಿದು, ಕೆಳಗೆ ಬಿದ್ದ ಹಿಟ್ಟನ್ನು ಅಡುಗೆಗೆ ಇಟ್ಟುಕೊಳ್ಳಿ.

ಏಲಕ್ಕಿಯನ್ನು ಬೆರೆಸುವ ದಿನವೇ ಒಡೆಯಿರಿ. ಸಿಪ್ಪೆಯೊಳಗೆ ಇರುವವರೆಗೆ ಮಾತ್ರ ಬೀಜದ ಘಮ ಭದ್ರ.

4. ಮೊದಲು ಲೋಟದಲ್ಲಿ ಬೆರೆಸಿ, ಆಮೇಲೆ ಡಬ್ಬಿಯಲ್ಲಿ

ಒಣ ಬೆರಕೆಯನ್ನು ಮೂಸಿ ಅಳತೆ ತೀರ್ಮಾನಿಸುವವರು ಸೋಲುವುದು ಖಚಿತ. ಒಣಗಿದ್ದಾಗ ಮೂಗಿಗೆ ಜೋರಾಗಿ ಬಡಿಯುವುದು ಬೇಗ ಹಾರುವ ಘಮ. ಕುದಿನೀರಲ್ಲಿ ಅದು ಮೊದಲ ನಿಮಿಷಕ್ಕೇ ಆವಿಯ ಜೊತೆ ಹೊರಡುತ್ತದೆ. ಲವಂಗದ್ದು ಇದಕ್ಕೆ ತಿರುಗುಮುರುಗು. ಡಬ್ಬಿಯಲ್ಲಿ ಅಷ್ಟೇನೂ ಇಲ್ಲ ಅನ್ನಿಸಿ, ಲೋಟದಲ್ಲಿ ಉಳಿದೆಲ್ಲವನ್ನೂ ನುಂಗಿಹಾಕುತ್ತದೆ.

ಹೀಗೆ ಮಾಡಿ. ಚಹಾ, ಶುಂಠಿ, ಸಿಪ್ಪೆ, ಚಕ್ಕೆ, ಪ್ರತಿಯೊಂದನ್ನೂ ಬೇರೆ ಬೇರೆ ಲೋಟದಲ್ಲಿ 100 ಮಿ.ಲೀ. ಕುದಿನೀರಿಗೆ 2 ಗ್ರಾಂನಂತೆ 6 ನಿಮಿಷ ನೆನೆಸಿ ಸೋಸಿ. ಖಾಲಿ ಲೋಟಕ್ಕೆ ಚಹಾದ ಡಿಕಾಕ್ಷನ್ ಎಂಟು ಚಮಚ ಹಾಕಿ, ಉಳಿದವನ್ನು ಅರ್ಧರ್ಧ ಚಮಚ ಸೇರಿಸುತ್ತ ಕುಡಿದು ನೋಡಿ. ಎಲ್ಲವೂ ಒಂದೇ ಹದದಲ್ಲಿ ನೆನೆದಿರುವುದರಿಂದ, ಯಾವ ಅನುಪಾತ ಹಿಡಿಸಿತೋ ಅದೇ ಸುಮಾರಾಗಿ ಒಣ ಬೆರಕೆಯ ತೂಕದ ಅನುಪಾತ. ಅದರಂತೆ 10 ಗ್ರಾಂ ಮಾತ್ರ ಬೆರೆಸಿ, ನಾಲ್ಕು ದಿನ ಬಿಟ್ಟು, ಕುಡಿದು, ಆಮೇಲೆ 100 ಗ್ರಾಂಗೆ ಹೋಗಿ. ಒಂದೇ ಸಲಕ್ಕೆ ಅರ್ಧ ಕಿಲೋ ಬೆರೆಸುವ ಧೈರ್ಯ ಯಾರಿಗೂ ಬೇಡ.

ಶುರುಮಾಡಲು ಮೂರು ಅಳತೆ, ಒಂದೊಂದೂ 100 ಗ್ರಾಂಗೆ:

ಮಸಾಲೆ ಚಹಾ: ಸಿಟಿಸಿ 80 ಗ್ರಾಂ, ಒಣಶುಂಠಿ 8, ಏಲಕ್ಕಿ 6, ಚಕ್ಕೆ 4, ಕರಿಮೆಣಸು 1, ಲವಂಗ 1. ಒಂದು ಗ್ರಾಂ ಲವಂಗವೆಂದರೆ ಹತ್ತು ಹನ್ನೆರಡು ಮೊಗ್ಗು. ಕಡಿಮೆ ಅನ್ನಿಸಿದರೂ ಏರಿಸಬೇಡಿ.

ಕಿತ್ತಳೆ–ಚಕ್ಕೆ: ಆರ್ಥೊಡಾಕ್ಸ್ ಕಪ್ಪು ಚಹಾ 85 ಗ್ರಾಂ, ಒಣ ಕಿತ್ತಳೆ ಸಿಪ್ಪೆ 11, ಚಕ್ಕೆ 4.

ಪುದೀನ: ಹಸಿರು ಚಹಾ 80 ಗ್ರಾಂ, ಒಣ ಪುದೀನ 14, ನಿಂಬೆಹುಲ್ಲು 6.

ಒಂದು ಬೆರಕೆಯಲ್ಲಿ ಒಂದು ಘಮ ಮುಂದೆ ನಿಲ್ಲಬೇಕು, ಇನ್ನೊಂದೆರಡು ಹಿಂದೆ. ಏಳೆಂಟು ಬಗೆ ಸುರಿದರೆ ಯಾವುದೂ ಗುರುತು ಸಿಗದೆ ಔಷಧದ ಅಂಗಡಿಯ ವಾಸನೆ ಉಳಿಯುತ್ತದೆ. ಒಣ ಸ್ಟ್ರಾಬೆರಿ, ಸೇಬಿನ ಚೂರು ಹಾಕಿ ಹಣ್ಣಿನ ರುಚಿ ಬರಲಿಲ್ಲವೆಂದು ಬೇಸರಪಡುವವರೂ ಇದ್ದಾರೆ. ಬರುವುದೂ ಇಲ್ಲ: ಪೊಟ್ಟಣದ ಹಣ್ಣಿನ ಚಹಾಗಳಲ್ಲಿ ರುಚಿ ಬಹುಮಟ್ಟಿಗೆ ಬೇರೆಯಾಗಿ ಸೇರಿಸಿದ ಸುವಾಸನೆಯದು, ಚೂರು ಕಣ್ಣಿಗೆ. ನೀಲಿ, ಹಳದಿ ಹೂದಳಗಳ ಕಥೆಯೂ ಅದೇ.

5. ಬೆರೆಸುವ ಕ್ರಮ

ಅಗಲ ಬೋಗುಣಿಯಲ್ಲಿ ಮೊದಲು ಅರ್ಧ ಚಹಾ, ಅದರ ಮೇಲೆ ಭಾರದ ಚೂರುಗಳು (ಚಕ್ಕೆ, ಶುಂಠಿ, ಮೆಣಸು), ನಂತರ ಸಿಪ್ಪೆ, ಮೇಲೆ ಉಳಿದ ಚಹಾ. ಎರಡೂ ಕೈಯಿಂದ ತಳದಿಂದ ಎತ್ತಿ ಎತ್ತಿ ಬೆರೆಸಿ. ಚಮಚದಿಂದ ಗರಗರ ತಿರುಗಿಸಿದರೆ ಎಲೆ ಮುರಿದು ಪುಡಿ ಹೆಚ್ಚುತ್ತದೆ, ಡಿಕಾಕ್ಷನ್ ಒಗರಾಗುತ್ತದೆ. ಪುದೀನ, ಹೂದಳ ಕೊನೆಯಲ್ಲಿ. ಕೈ ಪೂರ್ತಿ ಒಣಗಿರಲಿ. ಸಕ್ಕರೆ, ಬೆಲ್ಲದ ಪುಡಿಯನ್ನು ಡಬ್ಬಿಗೆ ಸೇರಿಸಲೇಬೇಡಿ, ಅವೂ ತೇವ ಎಳೆಯುತ್ತವೆ, ಸಿಹಿ ಲೋಟಕ್ಕೆ.

6. ಎಣ್ಣೆ ಹಿಡಿಸುವುದು

ಮೊದಲ ಮಾತು: ಬಾಟಲಿಯ ಮೇಲೆ ಆಹಾರಕ್ಕೆ ಬಳಸಬಹುದು ಎಂದು ಬರೆದಿರದ ಎಣ್ಣೆ ಮುಟ್ಟಬೇಡಿ. ಮೈಗೆ ಹಚ್ಚುವ, ಕೋಣೆಗೆ ಘಮ ಕೊಡುವ ಎಣ್ಣೆಗಳು ಇಲ್ಲಿಗಲ್ಲ, "ಶುದ್ಧ", "ನೈಸರ್ಗಿಕ" ಎಂದು ಎಷ್ಟೇ ದೊಡ್ಡದಾಗಿ ಬರೆದಿದ್ದರೂ. ಎಣ್ಣೆಯನ್ನು ನೇರ ಲೋಟಕ್ಕೂ ಹಾಕಬೇಡಿ. ಅದು ನೀರಿನಲ್ಲಿ ಕರಗದೆ ಮೇಲೆ ತೇಲಿ, ಮೊದಲ ಗುಟುಕಿಗೇ ತುಟಿ, ನಾಲಿಗೆ ಚುರುಗುಟ್ಟಿಸುತ್ತದೆ.

100 ಗ್ರಾಂ ಕಪ್ಪು ಚಹಾಕ್ಕೆ ಬರ್ಗಮಾಟ್ ಎಣ್ಣೆ 8 ಹನಿಯಿಂದ ಶುರುಮಾಡಿ. ಒಂದು ಮಿ.ಲೀ.ಗೆ ಸುಮಾರು 20 ಹನಿ, ಅಂದರೆ ಇದು ಅರ್ಧ ಮಿ.ಲೀ.ಗೂ ಕಡಿಮೆ. ಎಂಟು ಹನಿಯನ್ನು ಒಂದೇ ಕಡೆ ಬಿಟ್ಟರೆ ಅಲ್ಲಿಯ ನಾಲ್ಕು ಎಲೆ ಎಲ್ಲವನ್ನೂ ಕುಡಿದುಬಿಡುತ್ತವೆ. 10 ಗ್ರಾಂ ಚಹಾವನ್ನು ಬೇರೆ ತೆಗೆದು, ಗಾಜಿನ ಬಾಟಲಿಯ ಒಳಗೋಡೆಗೆ ಹನಿಗಳನ್ನು ಅಲ್ಲಲ್ಲಿ ತಾಗಿಸಿ, ಆ ಚಹಾ ಹಾಕಿ ಮುಚ್ಚಿ ಎರಡು ನಿಮಿಷ ಉರುಳಿಸಿ. ಎಲೆಗಳು ಗೋಡೆ ಒರೆಸಿಕೊಂಡು ಎಣ್ಣೆ ಹಂಚಿಕೊಳ್ಳುತ್ತವೆ. ಬಳಿಕ ಉಳಿದ 90 ಗ್ರಾಂ ಸೇರಿಸಿ ಮತ್ತೆ ಉರುಳಿಸಿ. ಎರಡು ದಿನ, ದಿನಕ್ಕೆ ಎರಡು ಸಲ ಬಾಟಲಿ ತಿರುವಿ ಹಾಕಿ. ಒಂದು ವಾರ ಕಳೆದು ಕುಡಿದು ನೋಡಿ, ಸಾಲದಿದ್ದರೆ ಎರಡು ಹನಿ. ಹಾಕಿದ ಎಣ್ಣೆಯನ್ನು ವಾಪಸ್ ತೆಗೆಯಲಾಗದು. ಹೆಚ್ಚಾದರೆ ಇರುವ ಒಂದೇ ಉಪಾಯ ಇನ್ನಷ್ಟು ಚಹಾ ಸೇರಿಸುವುದು.

ಸಾಬೂನಿನ ವಾಸನೆ ಬಂದರೆ ಎಣ್ಣೆ ಹೆಚ್ಚಾಗಿದೆ. ಟರ್ಪೆಂಟೈನ್ ಥರ ಬಂದರೆ ಎಣ್ಣೆಯೇ ಹಳತಾಗಿದೆ: ನಿಂಬೆ ಜಾತಿಯ ಎಣ್ಣೆಗಳಲ್ಲಿರುವ ಲಿಮೊನೀನ್ ಗಾಳಿ ತಾಗಿ ಕೆಡುತ್ತದೆ. ಎಣ್ಣೆ ಬಾಟಲಿ ಸದಾ ಫ್ರಿಜ್‌ನಲ್ಲಿರಲಿ.

ಎಣ್ಣೆಯ ತಂಟೆ ಬೇಡ ಎನ್ನುವವರಿಗೆ ವೆನಿಲಾ ಇದೆ. ಒಂದು ಕೋಡನ್ನು ಉದ್ದಕ್ಕೆ ಸೀಳಿ, ಸೆಂಟಿಮೀಟರ್ ತುಂಡು ಮಾಡಿ, ಒಂದು ದಿನ ಗಾಳಿಗೆ ಬಿಟ್ಟು 100 ಗ್ರಾಂ ಕಪ್ಪು ಚಹಾದಲ್ಲಿ ಹೂತಿಡಿ. ಎರಡು ಮೂರು ವಾರ ಬೇಕು.

7. ಮಲ್ಲಿಗೆಯ ಘಮ ಹಿಡಿಸುವುದು

ಇಲ್ಲಿ ಒಣಹೂವು ಕೆಲಸಕ್ಕೆ ಬಾರದು. ದುಂಡುಮಲ್ಲಿಗೆಯ ಮೊಗ್ಗು ಸಂಜೆ ಬಿರಿದು ರಾತ್ರಿ ಘಮ ಬಿಡುತ್ತದೆ, ಆ ಹೊತ್ತಿಗೆ ಎಲೆ ಪಕ್ಕದಲ್ಲಿರಬೇಕು. ಹೂವು ಔಷಧ ಸಿಂಪಡಿಸದ ಗಿಡದ್ದಾಗಿರಲಿ. ಅಲಂಕಾರಕ್ಕೆ ಮಾರುವ ಹೂವನ್ನು ತಿನ್ನುವ ಲೆಕ್ಕದಲ್ಲಿ ಬೆಳೆದಿರುವುದಿಲ್ಲ. ನೀರು ಚಿಮುಕಿಸಿದ ಹೂವೂ ಬೇಡ.

ಹಸಿರು ಚಹಾ 50 ಗ್ರಾಂ ತೂಗಿ, ಆ ಅಂಕಿಯನ್ನು ಬರೆದಿಡಿ. ಸಂಜೆ, ಬಿರಿಯಲು ಸಿದ್ಧವಾದ ಮೊಗ್ಗು 25 ಗ್ರಾಂ ತೆಗೆದುಕೊಂಡು ಸ್ಟೀಲ್ ಪಾತ್ರೆಯಲ್ಲಿ ಒಂದು ಪದರ ಚಹಾ, ಒಂದು ಪದರ ಮೊಗ್ಗು ಹೀಗೆ ಹರವಿ, ತೆಳು ಹತ್ತಿಬಟ್ಟೆ ಮುಚ್ಚಿ. ನಾಲ್ಕೈದು ಗಂಟೆಗೆ ಒಮ್ಮೆ ಮಗುಚಿ. ಕಾರ್ಖಾನೆಯ ದೊಡ್ಡ ರಾಶಿ ತಾನಾಗಿ ಬಿಸಿಯೇರುವುದರಿಂದ ಅಲ್ಲಿ ಹರವಿ ತಣಿಸುತ್ತಾರೆ. 50 ಗ್ರಾಂಗೆ ಆ ಚಿಂತೆ ಇಲ್ಲ.

10ರಿಂದ 12 ಗಂಟೆಯ ನಂತರ ಹೂವನ್ನೆಲ್ಲ ಆರಿಸಿ ತೆಗೆಯಿರಿ. ಬಾಡಿದ ಹೂವು ಉಳಿದರೆ ಬೇಯಿಸಿದ ಸೊಪ್ಪಿನ ವಾಸನೆ, ಮೇಲೆ ಕಹಿ. ಈಗ ಎಲೆ ಹಿಡಿದರೆ ಮೆತ್ತಗಿರುತ್ತದೆ, ತಕ್ಕಡಿ 55ರ ಆಚೀಚೆ ತೋರಿಸಬಹುದು. ಹೆಚ್ಚಾದದ್ದು ಹೂವಿನ ನೀರು. 60 ಡಿಗ್ರಿಯಲ್ಲಿ, ಹತ್ತು ನಿಮಿಷಕ್ಕೊಮ್ಮೆ ತೂಗುತ್ತ, ಮತ್ತೆ 50ಕ್ಕೆ ಬರುವವರೆಗೆ ಒಣಗಿಸಿ. ಅಲ್ಲಿಗೆ ನಿಲ್ಲಿಸಿ, ಮುಂದೆ ಹೋದರೆ ಹಿಡಿದ ಘಮವೂ ಹಾರುತ್ತದೆ. ಒಂದು ಸುತ್ತಿಗೆ ಘಮ ತೆಳು. ಮರುದಿನ ಹೊಸ ಮೊಗ್ಗಿನಿಂದ ಇನ್ನೊಂದು ಸುತ್ತು, ಸಾಧ್ಯವಾದರೆ ಮೂರನೆಯದು. ಉತ್ತಮ ದರ್ಜೆಯ ಮಲ್ಲಿಗೆ ಚಹಾಕ್ಕೆ ಆರೇಳು ಸುತ್ತು ಮಾಡುವುದುಂಟು.

8. ಮಾಗಲು ಬಿಡುವುದು, ಇಡುವುದು

ಮಸಾಲೆ, ಸಿಪ್ಪೆಯ ಬೆರಕೆಗೆ ಒಂದರಿಂದ ಎರಡು ವಾರ. ಬಾಟಲಿಯನ್ನು ಮುಕ್ಕಾಲು ತುಂಬಿ, ಮೂರು ದಿನಕ್ಕೊಮ್ಮೆ ಮಗುಚಿ. ಆಮೇಲೆ ಬೆಳಕು ತೂರದ ಡಬ್ಬಿಗೆ, ಅಂಚಿನವರೆಗೆ ತುಂಬಿ ವರ್ಗಾಯಿಸಿ. ಒಲೆಯ ಮೇಲಿನ ಕಪಾಟು ಅತಿ ಕೆಟ್ಟ ಜಾಗ: ಶಾಖ, ಆವಿ, ಒಗ್ಗರಣೆಯ ವಾಸನೆ ಮೂರೂ ಅಲ್ಲೇ. ಬೆರಕೆಯನ್ನು ಫ್ರಿಜ್‌ನಲ್ಲೂ ಇಡಬೇಡಿ, ತೆಗೆದಾಗಲೆಲ್ಲ ತಣ್ಣನೆ ಎಲೆಯ ಮೇಲೆ ನೀರು ಕೂರುತ್ತದೆ. ಪುದೀನ ಬೆರಕೆಯ ಪಕ್ಕದಲ್ಲಿ ಬರಿ ಚಹಾ ಇಟ್ಟರೆ ತಿಂಗಳೊಪ್ಪತ್ತಿನಲ್ಲಿ ಎರಡೂ ಪುದೀನ.

ಚೀಟಿಯಲ್ಲಿ ದಿನಾಂಕ, ಅಳತೆ ಬರೆಯಿರಿ. ಕಪ್ಪು ಚಹಾದ ಬೆರಕೆ ಆರು ತಿಂಗಳೊಳಗೆ, ಹಸಿರಿನದು ಮೂರು ತಿಂಗಳೊಳಗೆ ಮುಗಿದರೆ ಚೆಂದ. ಬೂಷ್ಟು ಒಂದು ಚೂರಿನ ಮೇಲೆ ಕಂಡರೂ ಇಡೀ ಡಬ್ಬಿ ಚೆಲ್ಲಬೇಕು. ಅಷ್ಟನ್ನೇ ಆರಿಸಿ ತೆಗೆದು ಉಳಿದದ್ದನ್ನು ಕುದಿಸಿ ಕುಡಿಯುವ ಯೋಚನೆ ಬೇಡ.

9. ಲೋಟಕ್ಕೆ

ಬೆರಕೆಯನ್ನು ಅಳೆಯುವ ಮೊದಲು ಡಬ್ಬಿಯನ್ನು ಒಮ್ಮೆ ಮೆಲ್ಲಗೆ ತಿರುವಿ ಹಾಕಿ. 200 ಮಿ.ಲೀ. ನೀರಿಗೆ 2.5 ಗ್ರಾಂ. ಕಪ್ಪು ಚಹಾಕ್ಕೆ 95 ಡಿಗ್ರಿಯ ಮೇಲಿನ ನೀರು, 4 ನಿಮಿಷ. ಹಸಿರಿಗೆ 75ರಿಂದ 80 ಡಿಗ್ರಿ, 2ರಿಂದ 3 ನಿಮಿಷ. ನೆನೆಯುವಾಗ ಪಾತ್ರೆ ಮುಚ್ಚಿರಬೇಕು, ಆವಿಯ ಜೊತೆ ಹೋಗುವುದು ನೀವು ಇಷ್ಟು ದಿನ ಹಿಡಿಸಿದ ಘಮವೇ. ಸಮಯ ಮೀರಿದರೆ ಮಸಾಲೆ ಗಾಢವಾಗುವುದಕ್ಕಿಂತ ಹೆಚ್ಚಾಗಿ ಚಹಾ ಒಗರಾಗುತ್ತದೆ. ಮಸಾಲೆ ಇನ್ನೂ ಬೇಕೆಂದರೆ ಬೆರಕೆಯಲ್ಲೇ ಏರಿಸಿ.

ಹಾಲಿನ ಮಸಾಲೆ ಚಹಾದ ದಾರಿ ಬೇರೆ. ಗಟ್ಟಿ ಮಸಾಲೆಗೆ ಕುದಿತ ಬೇಕು, ಆದ್ದರಿಂದ ಬೆರಕೆಯನ್ನು ನೀರಲ್ಲಿ 3 ನಿಮಿಷ ಸಣ್ಣಗೆ ಕುದಿಸಿ, ಆಮೇಲೆ ಹಾಲು, ಒಂದು ಉಕ್ಕು ಬಂದೊಡನೆ ಇಳಿಸಿ. ಹಾಲಿನ ಪ್ರೋಟೀನ್, ಕೊಬ್ಬು ಎರಡೂ ಘಮವನ್ನು ಹಿಡಿದಿಟ್ಟುಕೊಳ್ಳುವುದರಿಂದ ಎಲೆ 4 ಗ್ರಾಂ ಬೇಕು. ಮೇಲೆ ಹಸಿಶುಂಠಿಯನ್ನೂ ಹಾಕುವುದಾದರೆ ಹಾಲಿಗಿಂತ ಮೊದಲೇ ಹಾಕಿ ಚೆನ್ನಾಗಿ ಕುದಿಸಿ. ಅದರಲ್ಲಿರುವ ಕಿಣ್ವ ಹಾಲನ್ನು ಒಡೆಯುತ್ತದೆ, ಕುದಿತಕ್ಕೆ ಅದು ಸಾಯುತ್ತದೆ. ದಾಸವಾಳದಂಥ ಹುಳಿ ಬೆರಕೆಗೆ ಹಾಲು ಬೇಡವೇ ಬೇಡ, ಒಡೆದೇ ತೀರುತ್ತದೆ.

ತಣ್ಣನೆ ಕುಡಿಯಲು ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ, ಫ್ರಿಜ್‌ನಲ್ಲಿ 8ರಿಂದ 10 ಗಂಟೆ, ಸೋಸಿ ಅದೇ ದಿನ ಮುಗಿಸಿ. ಸಿಪ್ಪೆ, ಪುದೀನ, ಮಲ್ಲಿಗೆ ಹೀಗೆ ಬಹಳ ಚೆನ್ನಾಗಿ ಬರುತ್ತವೆ, ಒಗರೂ ಕಡಿಮೆ. ಚಕ್ಕೆ, ಶುಂಠಿಯ ಬೆರಕೆ ತಣ್ಣೀರಿಗೆ ಸರಿಯಾಗಿ ಬಿಡುವುದಿಲ್ಲ. ಅದನ್ನು ಬಿಸಿನೀರಲ್ಲಿ ಎರಡು ಪಟ್ಟು ಗಟ್ಟಿ ಮಾಡಿ ಐಸ್ ಮೇಲೆ ಸುರಿಯಿರಿ. ಆಗ ಲೋಟ ಮಸುಕಾದರೆ ಕೆಟ್ಟಿತೆಂದುಕೊಳ್ಳಬೇಡಿ: ತಣಿದಾಗ ಕೆಫೀನ್ ಮತ್ತು ಪಾಲಿಫಿನಾಲ್‌ಗಳು ಒಂದಕ್ಕೊಂದು ಅಂಟಿ ಕಾಣುವ ಮಸುಕು ಅದು. ಒಂದಿಷ್ಟು ಕುದಿನೀರು ಸೇರಿಸಿದರೆ ತಿಳಿಯಾಗುತ್ತದೆ.

ಜ್ಯೇಷ್ಠಮಧು ಹಾಕಿದ ಬೆರಕೆಯನ್ನು ರಕ್ತದೊತ್ತಡ ಇರುವವರಿಗೆ ಕೊಡಬೇಡಿ, ಅದು ಒತ್ತಡ ಏರಿಸುತ್ತದೆ. ಸೇವಂತಿಗೆ ಜಾತಿಯ ಹೂವು ಕೆಲವರಿಗೆ ಅಲರ್ಜಿ ತರುತ್ತದೆ. ಬೇರೆಯವರಿಗೆ ಡಬ್ಬಿ ಕೊಡುವಾಗ ಒಳಗಿರುವುದನ್ನೆಲ್ಲ ಚೀಟಿಯಲ್ಲಿ ಬರೆದೇ ಕೊಡಿ.